ಸುರೇಬಾನದ ಕೊಲೆ, ಜಗಲಬೇಟದ ಲೇಖಕ

1858ರ ಮೇ 29ರ ರಾತ್ರಿ ಚಾರ್ಲ್ಸ್ ಮ್ಯಾನ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಸುರೇಬಾನದಲ್ಲಿ ಪಲ್ಲಕ್ಕಿಯೊಳಗೇ ಮಲಗಿದ್ದ. ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಗಳ ಮೇಲೆ ಕಂಪನಿ ಸರ್ಕಾರ ಇಟ್ಟಿದ್ದ ಪೊಲಿಟಿಕಲ್ ಏಜೆಂಟ್ ಅವನು. ರಾಮದುರ್ಗದಿಂದ ಹೊರಟಿದ್ದ, ಜೊತೆಗಿದ್ದ ಸವಾರರು ಬೆರಳೆಣಿಕೆಯಷ್ಟು. ನರಗುಂದದ ಕಡೆ ಹೋಗುವುದು ಕ್ಷೇಮವಲ್ಲ ಎಂದು ರಾಮದುರ್ಗದ ದೊರೆ ಎಚ್ಚರಿಸಿದ್ದ. ಆ ದೊರೆ ನರಗುಂದದ ಬಾಬಾಸಾಹೇಬನ ಮಲಸಹೋದರ. ತನಗೆ ನರಗುಂದದಿಂದ ಬಂದಿದ್ದ ಪತ್ರವನ್ನೂ ಮ್ಯಾನ್ಸನ್ನನ ಮುಂದಿಟ್ಟಿದ್ದ. ಮ್ಯಾನ್ಸನ್ ಕೇಳಲಿಲ್ಲ. ನಡುರಾತ್ರಿ ನರಗುಂದದ ಪಡೆ ಸುರೇಬಾನಕ್ಕೆ ನುಗ್ಗಿತು. ಎಚ್ಚೆತ್ತವನು ಪಿಸ್ತೂಲು ಹಾರಿಸಿ ಒಬ್ಬನನ್ನು ಗಾಯಗೊಳಿಸಿದ ಎಂದು ಇಂಗ್ಲಿಷ್ ಬರಹಗಳು ಹೇಳುತ್ತವೆ. ಅಲ್ಲಿಗೆ ಮುಗಿಯಿತು. ರುಂಡವನ್ನು ನರಗುಂದಕ್ಕೆ ತಂದು ಅಗಸಿಗೆ ತೂಗುಹಾಕಿದರು. ಮುಂಡ ಸುರೇಬಾನದಲ್ಲೇ ಬೆಂಕಿಗೆ ಬಿತ್ತು.

ಜೂನ್ ಮೊದಲ ವಾರದಲ್ಲಿ ಕರ್ನಲ್ ಮಾಲ್ಕಂನ ಸೈನ್ಯ ನರಗುಂದಕ್ಕೆ ಬಂದಾಗ ಗುಡ್ಡದ ಮೇಲಿನ ಕೋಟೆ ಖಾಲಿಯಾಗಿತ್ತು. ಬೆಳಗಾವಿಯ ಪೊಲೀಸ್ ಅಧಿಕಾರಿ ಫ್ರಾಂಕ್ ಸೌಟರ್ ಬೆನ್ನು ಹತ್ತಿದ. ಪಂಢರಪುರದ ಯಾತ್ರಿಕರ ವೇಷದಲ್ಲಿದ್ದ ಬಾಬಾಸಾಹೇಬ ತೊರಗಲ್ಲ ಸಮೀಪದ ಅಡವಿಯಲ್ಲಿ ಸಿಕ್ಕಿಬಿದ್ದ. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಇದೇ ಸೌಟರ್ ಮುಂದೆ 1864ರಲ್ಲಿ ಮುಂಬಯಿಯ ಪೊಲೀಸ್ ಕಮಿಷನರ್ ಆಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕುರ್ಚಿಯಲ್ಲಿದ್ದ.

ಕೊಲೆಯಿಂದ ಗಲ್ಲಿಗೆ ಹದಿನಾಲ್ಕು ದಿನ. ನರಗುಂದದ ಇತಿಹಾಸ ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಈ ಲೆಕ್ಕದ ಮುಂದೆ. ಆರೋಪಿಯನ್ನು ಹಿಡಿಯುವುದು, ವಿಚಾರಣೆ, ತೀರ್ಪು, ಶಿಕ್ಷೆ ಎಲ್ಲವೂ ಎರಡು ವಾರದೊಳಗೆ. ಇಷ್ಟು ಅವಸರದ ನ್ಯಾಯದಲ್ಲಿ ಆರೋಪಿಯ ಮಾತು ದಾಖಲಾಗುವುದೆಷ್ಟು? ಮ್ಯಾನ್ಸನ್ನನ ಕಡೆಯ ಕಥೆ ಪುಸ್ತಕಗಳಲ್ಲಿ ಉಳಿಯಿತು. ಕೊಲ್ಲಾಪುರದಲ್ಲಿದ್ದು ಈ ಸೀಮೆಯ ಬಂಡಾಯ ಹತ್ತಿಕ್ಕಿದ ಜಾರ್ಜ್ ಲೆ ಗ್ರಾಂಡ್ ಜೇಕಬ್ 1871ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. 1884ರ ಧಾರವಾಡ ಗ್ಯಾಸೆಟಿಯರ್ ಆ ಕಥೆಯನ್ನು ಸರ್ಕಾರಿ ಇತಿಹಾಸವಾಗಿಸಿತು. ಬಾಬಾಸಾಹೇಬನ ಮಾತು ಊರಿನ ನಾಲಗೆಯ ಮೇಲೆ, ಹಾಡಿನಲ್ಲಿ, ನಾಟಕದಲ್ಲಿ ಉಳಿಯಿತು.

ಹಿಂದಿನ ಕಾಲದ ನಿಜವಾದ ಅಪರಾಧವನ್ನು ಎತ್ತಿಕೊಂಡು, ಕಡತ ಶೋಧಿಸಿ, ಸಾಮಾನ್ಯ ಓದುಗನ ಕೈಯಿಂದ ಕೆಳಗಿಡಲಾಗದಂತೆ ಬರೆಯುವ ಇತಿಹಾಸಕಾರರು ಜಗತ್ತಿನಲ್ಲೆಲ್ಲ ಇದ್ದಾರೆ. ವಿಶ್ವವಿದ್ಯಾಲಯದ ಇತಿಹಾಸಕಾರರು ಕೆಲವೊಮ್ಮೆ ಅವರನ್ನು ಪಂಕ್ತಿಯಿಂದ ಆಚೆ ಕೂರಿಸುತ್ತಾರೆ. ಆದರೆ ಒಂದು ಕೊಲೆಯ ಸುತ್ತ ಇಡೀ ಕಾಲವೇ ಬಂದು ನಿಲ್ಲುತ್ತದೆ: ಜಮೀನಿನ ವ್ಯಾಜ್ಯ, ಜಾತಿಯ ಬಿಗಿ, ಸರ್ಕಾರದ ಭಯ, ಮನೆಯೊಳಗಿನ ಹೆಂಗಸರ ಸ್ಥಿತಿ. ಬೇರೆ ಸಮಯದಲ್ಲಿ ಯಾರೂ ಬರೆದಿಡದ ಸಂಗತಿಗಳನ್ನು ಸಾಕ್ಷಿಯ ಹೇಳಿಕೆ ಹಿಡಿದಿಡುತ್ತದೆ. ಈ ಬಗೆಯ ಬರವಣಿಗೆಯಲ್ಲಿ ದೇಶಕ್ಕೇ ಹೆಸರಾದ ಒಬ್ಬ ಲೇಖಕ ನಮ್ಮ ಉತ್ತರ ಕರ್ನಾಟಕದ ಸೀಮೆಯಲ್ಲೇ ಬಾಳಿದರು. ಮನೋಹರ ಮಳಗಾಂವಕರ.

ಮಳಗಾಂವಕರ ಹುಟ್ಟಿದ್ದು 1913ರಲ್ಲಿ, ತೀರಿಕೊಂಡದ್ದು 2010ರಲ್ಲಿ. ಜೊಯಿಡಾ ಸೀಮೆಯ ಕಾಡಿನೊಳಗಿನ ಜಗಲಬೇಟ ಅವರ ಊರು, ಬರವಣಿಗೆಯ ಬಹುಭಾಗ ನಡೆದದ್ದೂ ಅಲ್ಲಿನ ಬಂಗಲೆಯಲ್ಲೇ. ಅಜ್ಜ ಮಧ್ಯಭಾರತದ ದೇವಾಸ್ ಸಂಸ್ಥಾನದಲ್ಲಿ ದಿವಾನರಾಗಿದ್ದವರು. ಹಾಗಾಗಿ ಸಂಸ್ಥಾನಗಳ ಒಳಮನೆ, ದತ್ತಕದ ಜಗಳ, ರೆಸಿಡೆಂಟ್ ಸಾಹೇಬರ ಕಾಟ ಇವೆಲ್ಲ ಅವರಿಗೆ ಮನೆಯ ಮಾತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದರು. ಮೊದಲು ದೊಡ್ಡ ಬೇಟೆಗೆ ಬಂದವರನ್ನು ಕಾಡಿಗೆ ಕರೆದೊಯ್ಯುವ ಕೆಲಸ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮರಾಠಾ ಲೈಟ್ ಇನ್‌ಫ್ಯಾಂಟ್ರಿ ಸೇರಿ ಲೆಫ್ಟಿನೆಂಟ್ ಕರ್ನಲ್ ಆದರು. ಸೇನೆ ಬಿಟ್ಟಮೇಲೆ ಮ್ಯಾಂಗನೀಸ್ ಗಣಿ ನಡೆಸಿದರು, ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಮೊದಲ ಪುಸ್ತಕ ಬಂದದ್ದು 1959ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ: ಮರಾಠರ ನೌಕಾಪಡೆಯ ಕಾನ್ಹೋಜಿ ಆಂಗ್ರೆಯ ಚರಿತ್ರೆ.

ಆಂಗ್ರೆಯನ್ನು ಇಂಗ್ಲಿಷರು ಕಡಲ್ಗಳ್ಳ ಎಂದೇ ಬರೆದಿದ್ದರು. ಮಳಗಾಂವಕರ ತಮ್ಮ ಪುಸ್ತಕದ ಹೆಸರಿನಲ್ಲೇ ಅವನನ್ನು ಮರಾಠಾ ಅಡ್ಮಿರಲ್ ಎಂದು ಕರೆದರು. ಅಪರಾಧಿ ಎಂದು ಪರರ ದಫ್ತರದಲ್ಲಿ ಹೆಸರಾದವನ ಮನೆಗೆ ಹೋಗಿ ಅವನ ಕಡೆಯ ಲೆಕ್ಕವನ್ನೂ ನೋಡುವುದು ಅವರ ಬರವಣಿಗೆಯ ಉದ್ದಕ್ಕೂ ಬಂದ ಗುಣ. 1963ರ ‘ದಿ ಪ್ರಿನ್ಸಸ್’, 1964ರ ‘ಎ ಬೆಂಡ್ ಇನ್ ದಿ ಗ್ಯಾಂಜಸ್’ ಕಾದಂಬರಿಗಳು ಅವರಿಗೆ ದೊಡ್ಡ ಹೆಸರು ತಂದವು. ದೇವಾಸ್‌ನ ಪವಾರರ, ಕೊಲ್ಲಾಪುರದ ಛತ್ರಪತಿಗಳ ಚರಿತ್ರೆಯನ್ನೂ ಬರೆದರು. ನರಗುಂದದ ಓದುಗರು ಮುಖ್ಯವಾಗಿ ನೋಡಬೇಕಾದದ್ದು 1972ರ ‘ದಿ ಡೆವಿಲ್ಸ್ ವಿಂಡ್’.

ಅದು ನಾನಾಸಾಹೇಬನ ಕಥೆ, ನಾನಾಸಾಹೇಬನ ಬಾಯಲ್ಲೇ ಹೇಳಿಸಿದ್ದು. ಎರಡನೆಯ ಬಾಜಿರಾಯ ದತ್ತು ತೆಗೆದುಕೊಂಡ ಮಗ ನಾನಾ. 1851ರಲ್ಲಿ ಬಾಜಿರಾಯ ತೀರಿಕೊಂಡ ಮೇಲೆ ವರ್ಷಕ್ಕೆ ಎಂಟು ಲಕ್ಷ ರೂಪಾಯಿಯ ಪಿಂಚಣಿಯನ್ನು ಕಂಪನಿ ನಿಲ್ಲಿಸಿತು. ಆರು ವರ್ಷದ ಮೇಲೆ ಕಾನಪುರದಲ್ಲಿ ರಕ್ತ ಹರಿಯಿತು. ಸತಿಚೌರಾ ಘಾಟಿನಲ್ಲಿ ದೋಣಿ ಹತ್ತುತ್ತಿದ್ದವರ ಮೇಲೆ ಗುಂಡು ಹಾರಿತು. ಬೀಬಿಘರ್ ಎಂಬ ಮನೆಯಲ್ಲಿ ಸೆರೆಯಿದ್ದ ಸುಮಾರು ಇನ್ನೂರು ಇಂಗ್ಲಿಷ್ ಹೆಂಗಸರು, ಮಕ್ಕಳ ಹತ್ಯೆಯಾಯಿತು. ಆ ಆಜ್ಞೆ ಕೊಟ್ಟವರು ಯಾರು? ಇಂಗ್ಲೆಂಡಿನ ಮನೆಮನೆಗಳಲ್ಲಿ ನಾನಾಸಾಹೇಬ ರಾಕ್ಷಸನಾದ. ಅವನು ಸಿಗಲೇ ಇಲ್ಲ, ಆದ್ದರಿಂದ ಯಾವ ನ್ಯಾಯಾಲಯವೂ ಅವನ ಹೇಳಿಕೆ ಪಡೆಯಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಮಳಗಾಂವಕರ ಆ ಕಾಣದ ಆರೋಪಿಗೆ ಕಟಕಟೆ ಕಟ್ಟಿಕೊಟ್ಟರು. ಕಾದಂಬರಿಯ ರೂಪ, ಆದರೆ ಅಸ್ಥಿಪಂಜರವೆಲ್ಲ ಇತಿಹಾಸದ್ದು. ರವಿ ಬೆಳಗೆರೆ ಇದನ್ನು ‘ದಂಗೆಯ ದಿನಗಳು’ ಎಂದು ಕನ್ನಡಕ್ಕೆ ತಂದದ್ದರಿಂದ ಇಂಗ್ಲಿಷ್ ಓದದ ನಮ್ಮ ಭಾಗದವರಿಗೂ ಅದು ದಕ್ಕಿತು.

ನರಗುಂದದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬನ ಸಂಕಟವೂ ದತ್ತಕದಿಂದಲೇ ಶುರುವಾದದ್ದು. ಅವನಿಗೆ ಗಂಡುಮಕ್ಕಳಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದ, ಸಿಗಲಿಲ್ಲ. ತಾನು ಕಣ್ಣು ಮುಚ್ಚಿದ ದಿನವೇ ಸಂಸ್ಥಾನ ಕಂಪನಿಗೆ ಸೇರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆ ಮೇಲೆ ಇನಾಂ ಕಮಿಷನ್ ಬಂತು, ತಲೆಮಾರುಗಳಿಂದ ಉಂಬಳಿ ಉಂಡವರ ಹತ್ತಿರ ಕಾಗದಪತ್ರ ಕೇಳಿತು. ಮ್ಯಾನ್ಸನ್ ಈ ಕಮಿಷನ್ನಿನಲ್ಲಿ ಕೆಲಸ ಮಾಡಿದವನು ಎಂಬುದನ್ನು ಇಂಗ್ಲಿಷ್ ಇತಿಹಾಸಕಾರರೇ ಬರೆದಿದ್ದಾರೆ. 1857ರಲ್ಲಿ ಆಯುಧ ಒಪ್ಪಿಸುವ ಕಾನೂನು ಬಂತು. ಆ ವರ್ಷದ ಕೊನೆಗೆ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲವೆಂದು ನಿಂತು ಹತರಾದರು. ಮರುವರ್ಷ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯ ಡಂಬಳದ ಖಜಾನೆ ಲೂಟಿ ಮಾಡಿ ಕೊಪ್ಪಳದ ಕೋಟೆ ಹಿಡಿದ. ಸುರೇಬಾನದ ರಾತ್ರಿ ಈ ಸರಪಳಿಯ ಒಂದು ಕೊಂಡಿ. ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವಿಟ್ಟುಕೊಂಡಿದ್ದ ದೊರೆಯೊಬ್ಬ ಮಲಗಿದ ಮನುಷ್ಯನ ತಲೆ ತೆಗೆಸುವ ಹಂತಕ್ಕೆ ಹೇಗೆ ಬಂದ ಎಂಬುದನ್ನು ಈ ಕೊಂಡಿಗಳನ್ನು ಬಿಟ್ಟು ವಿವರಿಸಲಾಗದು. ಮಲಗಿದ್ದವನನ್ನು ಕೊಂದದ್ದು ಎಂಬ ಮಾತನ್ನೂ ಬಿಡಲಾಗದು. ಬಂಡಾಯ ಎಂದ ಮಾತ್ರಕ್ಕೆ ಮ್ಯಾನ್ಸನ್ನನ ಸಾವು ಸಾವಲ್ಲವೆಂದಾಗುವುದಿಲ್ಲ.

ಮಳಗಾಂವಕರ ಇಡೀ ಬದುಕಿನಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ‘ದಿ ಮೆನ್ ಹೂ ಕಿಲ್ಡ್ ಗಾಂಧಿ’ ಪುಸ್ತಕದಿಂದ. ಗಾಂಧಿ ಹತ್ಯೆಯ ಮೊಕದ್ದಮೆಯಲ್ಲಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ, ವಿಷ್ಣು ಕರಕರೆ, ಮದನಲಾಲ್ ಪಾಹ್ವಾ 1964ರಲ್ಲಿ ಜೈಲಿನಿಂದ ಬಿಡುಗಡೆಯಾದರು. ಮಾಫಿ ಸಾಕ್ಷಿಯಾಗಿ ಮೊದಲೇ ಬಿಡುಗಡೆ ಪಡೆದಿದ್ದ ದಿಗಂಬರ ಬಡಗೆ ಇನ್ನೂ ಬದುಕಿದ್ದ. ಇವರೆಲ್ಲರನ್ನೂ ಮಳಗಾಂವಕರ ಕಂಡು ಮಾತನಾಡಿಸಿದರು. ಲೈಫ್ ಪತ್ರಿಕೆಗಾಗಿ ಬರೆದ ಬರಹ ಬೆಳೆದು ಪುಸ್ತಕವಾಯಿತು. ಕೊಲೆಯ ಹಿಂದಿನ ಸಂಚನ್ನು ಮತ್ತೆ ತನಿಖೆ ಮಾಡಿದ ನ್ಯಾಯಮೂರ್ತಿ ಜೀವನಲಾಲ್ ಕಪೂರ್ ಆಯೋಗದ ವರದಿಯೂ 1969ರ ಹೊತ್ತಿಗೆ ಸಿದ್ಧವಾಗಿತ್ತು, ಅದನ್ನೂ ಬಳಸಿಕೊಂಡರು. ಪುಸ್ತಕ ಹೊರಬಂದದ್ದು 1978ರಲ್ಲಿ. ತುರ್ತು ಪರಿಸ್ಥಿತಿಯ ಕಾರಣಕ್ಕೆ ಕೆಲವು ಸಂಗತಿಗಳನ್ನು ಆಗ ಬಿಡಬೇಕಾಯಿತೆಂದು ಅವರೇ ನಂತರ ಬರೆದರು. 2008ರಲ್ಲಿ ಚಿತ್ರ ಮತ್ತು ದಾಖಲೆಗಳೊಂದಿಗೆ ದೊಡ್ಡ ಆವೃತ್ತಿ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು.

ಆ ಪುಸ್ತಕ ಓದಿದವರಿಗೆ ಅದರ ಶಕ್ತಿ ಗೊತ್ತು. ಪುಣೆಯಿಂದ ಮುಂಬಯಿ, ಅಲ್ಲಿಂದ ದೆಹಲಿ, ಗ್ವಾಲಿಯರ್ ಎಂದು ಕೊಲೆಗಾರರ ಜೊತೆಗೇ ನಾವೂ ರೈಲು ಹತ್ತುತ್ತೇವೆ. ಜನವರಿ 20ರಂದು ಬಿರ್ಲಾ ಭವನದಲ್ಲಿ ಮದನಲಾಲ್ ಬಾಂಬು ಸಿಡಿಸಿ ಸಿಕ್ಕಿಬಿದ್ದ. ಅಲ್ಲಿಂದ ಜನವರಿ 30ರವರೆಗಿನ ಹತ್ತು ದಿನಗಳಲ್ಲಿ ಪೊಲೀಸರ ಕೈಯಲ್ಲಿ ಸುಳಿವಿತ್ತು, ಆದರೂ ಕೊಲೆ ತಪ್ಪಲಿಲ್ಲ. ಆ ಭಾಗ ಓದುವಾಗ ಹೊಟ್ಟೆ ಕಿವುಚುತ್ತದೆ. ಇದನ್ನು ಇಷ್ಟು ವಿವರವಾಗಿ ಬರೆಯಲು ಸಾಧ್ಯವಾದದ್ದು ಸರ್ಕಾರ ಆ ಮೊಕದ್ದಮೆಯನ್ನು ಅವಸರದಲ್ಲಿ ಮುಗಿಸದ ಕಾರಣಕ್ಕೆ. ಕೆಂಪುಕೋಟೆಯಲ್ಲಿ ನ್ಯಾಯಾಧೀಶ ಆತ್ಮಾಚರಣರ ಮುಂದೆ ಪ್ರಾಸಿಕ್ಯೂಷನ್ 149 ಸಾಕ್ಷಿಗಳನ್ನು ಹಾಜರುಪಡಿಸಿತು. 1949ರ ಫೆಬ್ರುವರಿ 10ರಂದು ತೀರ್ಪು, ಆಮೇಲೆ ಸಿಮ್ಲಾದಲ್ಲಿ ಮೇಲ್ಮನವಿ, ನವೆಂಬರ್ 15ರಂದು ಅಂಬಾಲಾದಲ್ಲಿ ಇಬ್ಬರಿಗೆ ಗಲ್ಲು. ಇಡೀ ದೇಶದ ಎದೆ ಒಡೆದ ಕೊಲೆಗೂ ಗಲ್ಲಿಗೂ ನಡುವೆ ಇಪ್ಪತ್ತೊಂದು ತಿಂಗಳು, ಆರೋಪಿಗಳ ಪರ ವಕೀಲರು, ಅವರು ಹೇಳಿದ ಪ್ರತಿ ಮಾತಿನ ದಾಖಲೆ. ಸಾಕ್ಷ್ಯ ಸಾಲದೆಂದು ಆರೋಪಿಗಳಲ್ಲೊಬ್ಬರಾದ ಸಾವರಕರರ ಬಿಡುಗಡೆಯೂ ಆಯಿತು. ಬಾಬಾಸಾಹೇಬನ ಹದಿನಾಲ್ಕು ದಿನಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸುರೇಬಾನದ ಬಗ್ಗೆ ಅಂಥ ಪುಸ್ತಕ ಬರೆಯಲು ಹೊರಟವರಿಗೆ ಎದುರಾಗುವ ಮೊದಲ ಅಡ್ಡಿ ಆ ಅವಸರವೇ.

ಅದೇ ಪುಸ್ತಕದ ದೌರ್ಬಲ್ಯವನ್ನೂ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಅದನ್ನು ತಿಳಿದಿರುವುದು ಒಳ್ಳೆಯದು. ಕೊಲೆಗಾರರೊಂದಿಗೆ ಅಷ್ಟು ಹೊತ್ತು ಕೂತು ಮಾತನಾಡಿದ ಲೇಖಕನ ಪುಟಗಳಲ್ಲಿ ಅವರ ಮುಖಗಳೇ ಹತ್ತಿರ ಬರುತ್ತವೆ, ಗಾಂಧೀಜಿ ದೂರ ಸರಿಯುತ್ತಾರೆ. ಅವರ ಸಿಟ್ಟು, ಅವರ ಗೆಳೆತನ, ಅವರ ಹಸಿವು ನಿದ್ದೆಗಳೆಲ್ಲ ತಿಳಿಯುತ್ತವೆ. ಕೊಲೆಯಾದವರ ಆ ಹತ್ತು ದಿನಗಳು ಅಷ್ಟು ಮೈದುಂಬಿ ಬರುವುದಿಲ್ಲ. ಜೈಲಿನಿಂದ ಬಂದವರು ತಮ್ಮನ್ನು ತಾವು ಹೇಗೆ ಕಾಣಿಸಿಕೊಳ್ಳಬೇಕೆಂದು ಯೋಚಿಸಲು ವರ್ಷಗಟ್ಟಲೆ ಸಮಯ ಪಡೆದವರು. ಅಂಥವರ ಮಾತನ್ನು ದಾಖಲೆಯ ಒರೆಗೆ ಹಚ್ಚದೆ ಒಪ್ಪಿಕೊಂಡ ಜಾಗಗಳಲ್ಲಿ ಪುಸ್ತಕ ಜಾರುತ್ತದೆ ಎಂಬುದು ನನ್ನ ಅಭಿಪ್ರಾಯ. ಆರೋಪಿಗೆ ಮಾತು ಕೊಡುವುದು ಇತಿಹಾಸಕಾರನ ಧರ್ಮ. ಆರೋಪಿಯ ವಕೀಲನಾಗುವುದು ಬೇರೆ ಕೆಲಸ.

ಮಾಫಿ ಸಾಕ್ಷಿಯ ಬಾಯಿಂದ ಪುಸ್ತಕ ಕಟ್ಟುವ ಈ ದಾರಿ ನಮ್ಮ ಸೀಮೆಗೆ ಹಳೆಯದು. ಸುರಪುರದ ಬೇಡ ಸಂಸ್ಥಾನದಲ್ಲಿ 1840ರ ದಶಕದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅಲ್ಲಿಗೆ ಬರುವ ಮೊದಲೇ, 1839ರಲ್ಲಿ, ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದ ಪುಸ್ತಕ ಬರೆದು ಹೆಸರಾಗಿದ್ದ. ನಿಜವಾದ ಠಗ್ಗರು ಸರ್ಕಾರಕ್ಕೆ ಕೊಟ್ಟ ಹೇಳಿಕೆಗಳೇ ಅದರ ಬಂಡವಾಳ. ಲಂಡನ್ನಿನಲ್ಲಿ ಅದು ಬಿಸಿಬಿಸಿಯಾಗಿ ಓದಿಸಿಕೊಂಡಿತು. ಪ್ರಾಣ ಉಳಿಸಿಕೊಳ್ಳಲು ಬಾಯಿಬಿಟ್ಟವರ ಮಾತನ್ನು ಎಷ್ಟು ನಂಬಬೇಕು ಎಂದು ಇತಿಹಾಸಕಾರರು ಇವತ್ತಿಗೂ ಚರ್ಚಿಸುತ್ತಿದ್ದಾರೆ. ಸಣ್ಣವನಿದ್ದಾಗ ಇದೇ ಟೇಲರ್ ಎತ್ತಿ ಆಡಿಸಿದ ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ, ನರಗುಂದದ ಬಂಡಾಯದ ಆ ವರ್ಷದಲ್ಲೇ, ಸೆರೆಯಲ್ಲಿದ್ದಾಗ ಗುಂಡೇಟಿನಿಂದ ಸತ್ತ. ಟೇಲರ್‌ನ ಆತ್ಮಕಥೆಯಲ್ಲಿ ಆ ಸಾವನ್ನು ಬರೆದ ಪುಟಗಳು ಅವನ ಠಗ್ಗರ ಪುಸ್ತಕಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತವೆ.

ನಮ್ಮ ಜನರಂತೂ ಪುಸ್ತಕಕ್ಕೆ ಕಾಯಲಿಲ್ಲ. ಕೊಲೆಯಾದ ಮರುದಿನವೇ ಪದ ಕಟ್ಟುವವರು ಈ ಸೀಮೆಯಲ್ಲಿದ್ದರು. ಹಲಗಲಿಯ ಬೇಡರ ಲಾವಣಿಯಲ್ಲಿ ಕುರ್ತಕೋಟಿ ಕಲ್ಮೇಶನ ಅಂಕಿತವಿದೆ. ಕುರ್ತಕೋಟಿ ಇರುವುದು ಗದಗ ತಾಲ್ಲೂಕಿನಲ್ಲೇ. ಬೈಲಹೊಂಗಲದ ಸಂಗ್ಯಾನ ಕೊಲೆ ಲಾವಣಿಯಾಗಿ, ಸಣ್ಣಾಟವಾಗಿ ರಾತ್ರಿಗಟ್ಟಲೆ ಜನರನ್ನು ಕೂರಿಸಿತು. ಗೆಳೆತನ, ಹಾದರ, ದ್ರೋಹ, ಕೊಲೆ ಎಲ್ಲವೂ ಅದರಲ್ಲಿವೆ. ಕೊಲೆಯಾದವನು, ಕೊಂದವರು, ನಡುವೆ ನಿಂತ ಗೆಳೆಯ ಬಾಳ್ಯಾ, ಸಂಗ್ಯಾ ಮೋಹಿಸಿದ ಗಂಗಾ ಎಲ್ಲರೂ ರಂಗಕ್ಕೆ ಬಂದು ತಮ್ಮ ತಮ್ಮ ಮಾತು ತಾವೇ ಹಾಡುತ್ತಾರೆ. ಇದು ಸಾಮಾನ್ಯ ಸಂಗತಿಯಲ್ಲ. ಒಬ್ಬನ ಪರ ನಿಲ್ಲದೆ ಎಲ್ಲರ ಹೇಳಿಕೆ ಪಡೆಯುವ ಶಿಸ್ತು ನಮ್ಮ ಹಳ್ಳಿಯ ಆಟದಲ್ಲಿ ಮೊದಲಿಂದಲೂ ಇತ್ತು.

ಈ ಲಾವಣಿಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ಈ ಭಾಗದಲ್ಲೇ ಶಿಕ್ಷಣ ಮತ್ತು ಕಂದಾಯ ಇಲಾಖೆಗಳಲ್ಲಿ ಓಡಾಡಿದ ಅಧಿಕಾರಿ. 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಸಂಗೊಳ್ಳಿ ರಾಯಣ್ಣನ ಪದ, ಸಂಗ್ಯಾನ ಪದಗಳನ್ನು ಪ್ರಕಟಿಸಿದ. ಕೆಲವೇ ದಶಕಗಳ ಹಿಂದೆ ತನ್ನ ಸರ್ಕಾರ ಗಲ್ಲಿಗೇರಿಸಿದ ರಾಯಣ್ಣನನ್ನು ಕೊಂಡಾಡುವ ಹಾಡನ್ನು ಸರ್ಕಾರದ ನೌಕರನೇ ಕಾಪಾಡಿಟ್ಟದ್ದಕ್ಕೆ ನಾವು ಅವನಿಗೆ ಋಣಿಗಳು. ಫ್ಲೀಟ್‌ಗೆ ಅಪರಾಧ ಪತ್ತೆಹಚ್ಚುವ ಕಣ್ಣೂ ಇತ್ತು. ಆಗ ರೋಣ ತಾಲ್ಲೂಕಿನಲ್ಲಿದ್ದ, ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿದ ಸೂಡಿಯಲ್ಲಿ ಸಿಕ್ಕ ತಾಮ್ರಪಟವನ್ನು ಗಂಗರ ಬೂತುಗನದೆಂದು ಹೇಳಲಾಗಿತ್ತು. ಫ್ಲೀಟ್ ಅದನ್ನು ಓದಿ ಕೂಟಶಾಸನ ಎಂದು ಘೋಷಿಸಿದ. ಹಳೆಯ ದಾನಪತ್ರವನ್ನು ಸೃಷ್ಟಿಸಿ ಜಮೀನು ಹೊಡೆಯುವವರು ಸಾವಿರ ವರ್ಷದ ಹಿಂದೆಯೂ ಇದ್ದರು, ಇನಾಂ ಕಮಿಷನ್ ಕಾಗದ ಕೇಳಿದಾಗಲೂ ಇದ್ದರು.

ರವಿ ಬೆಳಗೆರೆಯವರ ಹೆಸರು ಆಗಲೇ ಬಂತು. ಬಳ್ಳಾರಿಯವರು, ಇತಿಹಾಸದ ಮೇಷ್ಟರಾಗಿದ್ದವರು. 1995ರಲ್ಲಿ ‘ಹಾಯ್ ಬೆಂಗಳೂರ್’ ಶುರುಮಾಡಿದರು; ಭೀಮಾ ತೀರದ ಹಂತಕರ ಬಗ್ಗೆ ಬರೆದದ್ದು ಮನೆಮಾತಾಯಿತು. ಕನ್ನಡದಲ್ಲಿ ಅಪರಾಧ ಬರವಣಿಗೆಗೆ ಅಷ್ಟು ದೊಡ್ಡ ಓದುಗವರ್ಗವನ್ನು ಅವರಂತೆ ಕಟ್ಟಿದವರು ಅಪರೂಪ. ಅವರ ಗದ್ಯದ ಓಟಕ್ಕೆ ಮನಸೋತವರಲ್ಲಿ ನಾನೂ ಒಬ್ಬ. ಆ ಓಟಕ್ಕೆ ಅಡಿಟಿಪ್ಪಣಿಯ ತಾಳ್ಮೆಯೂ ಸೇರಿದ್ದರೆ ಎಂದು ಹಲವು ಸಲ ಅನಿಸಿದೆ.

ಹಾಗಾದರೆ ಸುರೇಬಾನದ ಕೊಲೆಯನ್ನು ಬರೆಯುವವರು ಎಲ್ಲಿಂದ ಶುರುಮಾಡಬೇಕು? ನನಗೆ ತೋಚುವುದು ರಾಮದುರ್ಗದಿಂದ. ಮಲಸಹೋದರನ ಪತ್ರವನ್ನು ಸಾಹೇಬನಿಗೆ ತೋರಿಸಿದ ಆ ದೊರೆ ಈ ಕಥೆಯ ನಡುಗಂಬ. ಅವನು ತೋರಿಸದಿದ್ದರೆ ಅವನ ಸಂಸ್ಥಾನವೂ ಹೋಗುತ್ತಿತ್ತೋ ಏನೋ. ತೋರಿಸಿದ್ದರಿಂದ ರಾಮದುರ್ಗ 1948ರವರೆಗೆ ಸಂಸ್ಥಾನವಾಗಿಯೇ ಉಳಿಯಿತು, ನರಗುಂದದ ಭಾವೆ ಮನೆತನದ ಆಳ್ವಿಕೆ ಅಳಿಯಿತು. ಅಲ್ಲಿಂದ ಹಿಂದಕ್ಕೂ ಹೋಗಬೇಕು. 1785ರಲ್ಲಿ ಟಿಪ್ಪುವಿನ ಸೇನೆ ನರಗುಂದವನ್ನು ತೆಗೆದುಕೊಂಡು ವೆಂಕಟರಾವ್ ಭಾವೆಯನ್ನು ಸೆರೆಯೊಯ್ದಿತ್ತು. ಎರಡು ವರ್ಷದ ಮೇಲೆ ಗಜೇಂದ್ರಗಡದಲ್ಲಿ ಮರಾಠರು ಮತ್ತು ಟಿಪ್ಪುವಿನ ನಡುವೆ ಒಪ್ಪಂದವಾದಾಗ ನರಗುಂದ, ಕಿತ್ತೂರು, ಬಾದಾಮಿ ಮರಾಠರ ಕಡೆಗೆ ಬಂದವು. ದೊಡ್ಡವರ ಜಗಳದಲ್ಲಿ ಕೈಯಿಂದ ಕೈಗೆ ಹೋಗುವ ಭಯವನ್ನು ಆ ಮನೆತನ ಎರಡು ತಲೆಮಾರು ಮೊದಲೇ ಅನುಭವಿಸಿತ್ತು. ಬಾಬಾಸಾಹೇಬನ ತಾಯಿ, ಹೆಂಡತಿ ಮಲಪ್ರಭೆಗೆ ಹಾರಿದ್ದನ್ನು ಗ್ಯಾಸೆಟಿಯರ್ ಒಂದು ಸಾಲಿನಲ್ಲಿ ಮುಗಿಸುತ್ತದೆ. ಆ ಸಾಲಿಗೆ ಒಂದು ಅಧ್ಯಾಯ ಬೇಕು. ಮ್ಯಾನ್ಸನ್ನನ ಜೊತೆ ಸತ್ತ ಸವಾರರೂ ಈ ನೆಲದ ಮಕ್ಕಳೇ. ಅವರ ಹೆಸರನ್ನು ಯಾವ ಲಾವಣಿಯೂ ಹೇಳಲಿಲ್ಲ, ಇಂಗ್ಲಿಷ್ ಪುಸ್ತಕವೂ ಹೇಳಲಿಲ್ಲ.

1858ರವರನ್ನು ಕೇಳಲು ನಾವು ತಡವಾಗಿ ಹುಟ್ಟಿದವರು. 1980ರ ಜುಲೈ 21ರ ವಿಷಯದಲ್ಲಿ ಹಾಗಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ, ನೀರಿನ ಕರದ ವಿರುದ್ಧ ಎದ್ದಿದ್ದರು. ನವಿಲುತೀರ್ಥ ಅಣೆಕಟ್ಟಿನ ನೀರು ಎಷ್ಟೋ ಹೊಲಕ್ಕೆ ತಲುಪುವ ಮೊದಲೇ ಕರದ ನೋಟಿಸು ತಲುಪಿತ್ತು. ಅಂದು ನರಗುಂದದಲ್ಲಿ ಪೊಲೀಸರ ಗುಂಡಿಗೆ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದ. ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಪಕ್ಕದ ನವಲಗುಂದದಲ್ಲೂ ಗೋಲಿಬಾರ್ ಆಯಿತು. ಕರ್ನಾಟಕದ ರೈತ ಚಳವಳಿ ರಾಜ್ಯದ ತುಂಬ ಹಬ್ಬಿದ್ದು ಆ ದಿನದಿಂದ. ರೈತನಿಗೆ ವೀರಗಲ್ಲು ನಿಂತಿದೆ, ವರ್ಷವರ್ಷ ಜುಲೈ 21ರಂದು ಜನ ಅಲ್ಲಿ ಸೇರುತ್ತಾರೆ, ಹಾರ ಹಾಕುತ್ತಾರೆ. ಸತ್ತ ಪೊಲೀಸರ ಮನೆಗಳಲ್ಲೂ ಆ ತಾರೀಖು ಬರುತ್ತದೆ.

ಅಂದು ಇಪ್ಪತ್ತರ ಹುಡುಗರಾಗಿ ಗುಂಪಿನಲ್ಲಿದ್ದವರು ಈಗ ಅರವತ್ತೈದು ದಾಟಿದ್ದಾರೆ. ಲಾಠಿ ಹಿಡಿದು ಎದುರು ನಿಂತಿದ್ದವರಿಗೂ ಅಷ್ಟೇ ವಯಸ್ಸು. ತಹಶೀಲ್ದಾರ ಕಚೇರಿಯ ಮುಂದೆ ಮೊದಲ ಕಲ್ಲು ಬಿದ್ದದ್ದು ಯಾವಾಗ, ಗುಂಡು ಹಾರಿಸಲು ಹೇಳಿದ್ದು ಯಾರು, ಓಡಿಹೋದವರನ್ನು ಒಳಗೆ ಕರೆದು ಕದ ಹಾಕಿಕೊಂಡ ಮನೆಗಳು ಯಾವುವು, ಆ ರಾತ್ರಿ ಊರಲ್ಲಿ ಒಲೆ ಹೊತ್ತಿತೇ ಎಂಬುದನ್ನು ಹೇಳಬಲ್ಲವರು ನರಗುಂದದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಕಟ್ಟೆಯ ಮೇಲೆ ಕೂತಿದ್ದಾರೆ. ಇತಿಹಾಸ ಓದಿದ ನಮ್ಮ ಕಾಲೇಜು ಹುಡುಗರು ರೆಕಾರ್ಡರ್ ಹಿಡಿದು ಹೋಗಬೇಕಾದದ್ದು ಅವರ ಹತ್ತಿರ, ಈ ವರ್ಷವೇ. ರೈತರ ಮನೆಗೂ ಹೋಗಬೇಕು, ಪೊಲೀಸರ ಮನೆಗೂ ಹೋಗಬೇಕು.